ಜೀಪು ಹೋದ ಮೇಲೂ ಉಳಿದ ಬಾಕಿ

ಅವತ್ತು ಬೆಳಿಗ್ಗೆ ಗೋಣಿಬೀಡಿನ ಮೇಲೆ ಮೋಡ ಬಂದು ಕೂತಿತ್ತು, ಆದರೆ ಸುರಿಯುವ ಮನಸ್ಸು ಮಾಡಿರಲಿಲ್ಲ. ಎರಡು ಸಾವಿರದ ಎಂಟನೇ ಇಸವಿ, ಶಿವರಾತ್ರಿ ಆಗಷ್ಟೇ ಕಳೆದಿತ್ತು. ಕಾಫಿ ಗಿಡಗಳು ರೆಂಬೆ ತುಂಬ ಮೊಗ್ಗು ಹೊತ್ತುಕೊಂಡು, ಒಂದು ಹೂಮಳೆ ಬಿದ್ದರೆ ಸಾಕು ಅಂತ ಬಾಯಾರಿ ನಿಂತಿದ್ದವು. ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ. ಆಚೆ ಗುಡ್ಡಕ್ಕೆಲ್ಲೋ ನಾಲ್ಕು ಹನಿ ಬಿದ್ದಿರಬೇಕು. ತೋಟದ ಮೇಸ್ತ್ರಿಯಿಂದ ಹಿಡಿದು ಬಸ್‌ಸ್ಟ್ಯಾಂಡಿನ ಚಾ ಅಂಗಡಿಯವರ ತನಕ ಎಲ್ಲರ ಕತ್ತೂ ಮೇಲೆ.

ಸರ್ವಮಂಗಳಾ ಒಬ್ಬಳು ಆಕಾಶ ನೋಡುತ್ತಿರಲಿಲ್ಲ. ಅವಳು ಇನ್ನೂ ಕಟ್ಟದ ಒಂದು ಗೋಡೆಯನ್ನು ನೋಡುತ್ತಿದ್ದಳು.

ಅವಳ ಗಂಡ ಪರಮೇಶ್ವರಪ್ಪ ಎಸ್ಟೇಟಿನ ರೈಟರ್. ರೈಟರ್ ಅಂದರೆ ನಮ್ಮ ಕಡೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಬಂದ ಗೊಬ್ಬರ, ಹೋದ ಚೀಲ, ಇವನ್ನು ಬರೆಯುವವನು. ಕೆಲಸ ಇರುವ ತನಕ ಎಸ್ಟೇಟಿನವರ ಕ್ವಾರ್ಟರ್ಸು. ಕೆಲಸ ಬಿಟ್ಟ ದಿನ ಬೀಗದ ಕೈ ವಾಪಸ್ಸು. ಮದುವೆಯಾದಾಗಿನಿಂದ ಸರ್ವಮಂಗಳಾ ಹೀಗೆ ನಾಲ್ಕು ಎಸ್ಟೇಟುಗಳಲ್ಲಿ ಒಲೆ ಹೊತ್ತಿಸಿದ್ದಳು. ಪ್ರತಿ ಸಲ ಲಾರಿಗೆ ಮೊದಲು ಹತ್ತುತ್ತಿದ್ದದ್ದು ದೇವರು, ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು, ಟ್ರಂಕಿನೊಳಗೆ ಕೂತು. ಹೋದಲ್ಲೆಲ್ಲ ಅವನಿಗೆ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಹಲಗೆಯೇ ಗತಿ. ಅವಳ ತವರಿನಲ್ಲಿ ಹಾಗಲ್ಲ. ಅಲ್ಲಿ ಗೋಡೆ ಎಬ್ಬಿಸುವಾಗಲೇ ದೇವರಿಗೆ ಅಂತ ಒಂದು ಗೂಡು ಬಿಟ್ಟು ಕಟ್ಟಿದ್ದರು. ದೇವರು ಹೊರಗಿನಿಂದ ಬಂದು ಕೂತವನಲ್ಲ, ಮನೆಯ ಜೊತೆಗೇ ಹುಟ್ಟಿದವನು ಅಂತ ಚಿಕ್ಕವಳಿದ್ದಾಗ ಅನ್ನಿಸುತ್ತಿತ್ತು ಅವಳಿಗೆ.

ಅಂಥದೊಂದು ಗೋಡೆ ಬೇಕಿತ್ತು. ಅಷ್ಟೇ. ಗೋಣಿಬೀಡಿನ ಅಂಚಿನಲ್ಲಿ ಮೂವತ್ತು ನಲವತ್ತರ ಸೈಟು ಆಗಲೇ ಆಗಿತ್ತು. ಕೈಯಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ಕೂಡಿತ್ತು. ಮಿಕ್ಕದ್ದಕ್ಕೆ ಮೂಡಿಗೆರೆಯ ಬ್ಯಾಂಕಿನಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದ್ದರು. ಇವತ್ತು ಬನ್ನಿ ಅಂತ ಫೋನು ಬಂದಿತ್ತು.

"ಸಹಿ ಹಾಕ್ಸೋದಕ್ಕೇ ಕರೆದಿರೋದು," ಅಂದಳು ಅವಳು, ಬಸ್ಸಿನಲ್ಲಿ.

"ನೀನು ಬ್ಯಾಂಕಿನ ಹೆಡ್ಡಾಫೀಸಾ?" ಅಂದರು ಪರಮೇಶ್ವರಪ್ಪ. ಆದರೆ ಅವರೂ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

ಮ್ಯಾನೇಜರ್ ರಂಜನಾ ಚಿಕ್ಕ ವಯಸ್ಸಿನ ಹೆಂಗಸು, ಘಟ್ಟದ ಕೆಳಗಿನವಳು, ಬಂದು ವರ್ಷವಾಗಿರಲಿಲ್ಲ. ಇಬ್ಬರನ್ನೂ ಕೂರಿಸಿ ಕಾಫಿ ತರಿಸಿದಳು. ಕಾಫಿ ಬಂದಾಗಲೇ ಸರ್ವಮಂಗಳಾಗೆ ಅಳುಕಾಯಿತು. ಬರೀ ಸಹಿಗೆ ಯಾರು ಕಾಫಿ ಕೊಡುತ್ತಾರೆ?

"ಸರ್, ನಿಮ್ಮ ಸಂಬಳದ ಪತ್ರ, ಸೈಟಿನ ಕಾಗದ ಎಲ್ಲ ಸರಿ ಇದೆ. ಆದ್ರೆ ನಿಮ್ಮ ಸಾಲದ ವರದಿ ತರಿಸಿದ್ವಿ. ಅದ್ರಲ್ಲಿ ಒಂದು ಹಳೇ ಬಾಕಿ ತೋರಿಸ್ತಾ ಇದೆ."

"ನಂದಾ? ಮೇಡಂ, ನಾನು ಅಂಗಡೀಲಿ ಉಪ್ಪಿನ ಬಾಕಿ ಸಹ ಇಟ್ಟವನಲ್ಲ."

"ನಿಮ್ಮ ಸಾಲ ಅಲ್ಲ ಸರ್. ನೀವು ಜಾಮೀನು ಹಾಕಿದ್ದು. ತೊಂಬತ್ತೆಂಟರಲ್ಲಿ, ನಮ್ಮದೇ ಬ್ಯಾಂಕಿನ ಇನ್ನೊಂದು ಬ್ರಾಂಚಲ್ಲಿ. ಅಬ್ದುಲ್ ವಹಾಬ್ ಅನ್ನೋರಿಗೆ. ಜೀಪಿನ ಸಾಲ."

ಪರಮೇಶ್ವರಪ್ಪನವರ ಮುಖ ಒಂದು ಗಳಿಗೆ ಅರಳಿತು. ಬಹಳ ದಿನದ ಮೇಲೆ ಆ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿದ್ದಕ್ಕೆ. ಆಮೇಲೆ ಹುಬ್ಬು ಗಂಟಾಯಿತು.

"ಆ ಜೀಪನ್ನ ನಿಮ್ಮವರೇ ಎಳ್ಕೊಂಡು ಹೋದ್ರಲ್ಲ. ಆವತ್ತಿಗೇ ಮುಗೀತಲ್ಲ ಅದು."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಹಳ್ಳಿಗಳಲ್ಲಿ ಇದೊಂದು ತಿಳುವಳಿಕೆ ಹಿಂದಿನಿಂದ ನಡೆದುಕೊಂಡು ಬಂದದ್ದು. ಸಾಲ ಕೊಟ್ಟವನು ಕೊಟ್ಟಿಗೆಗೆ ಬಂದು ಹಸುವಿನ ಹಗ್ಗ ಬಿಚ್ಚಿದ ಅಂದರೆ ಅಲ್ಲಿಗೆ ಸಾಲ ಸತ್ತಿತು. ಹಸು ಮುದಿಯಾಗಿರಲಿ, ಗಬ್ಬವಾಗಿರಲಿ, ಆ ನಷ್ಟ ಆ ಲಾಭ ಹಗ್ಗ ಬಿಚ್ಚಿದವನದು. ಮಾರನೇ ದಿನ ಅವನು ಬಂದು ಹಸು ಸಾಕಾಗಲಿಲ್ಲ, ಇನ್ನಷ್ಟು ಕೊಡು ಅಂದರೆ ಊರೇ ನಗುತ್ತದೆ. ವಹಾಬರ ಜೀಪನ್ನು ಬ್ಯಾಂಕಿನವರು ಕಳಸದ ಸ್ಟ್ಯಾಂಡಿನಿಂದ ಎಳೆಸಿಕೊಂಡು ಹೋದಾಗ ವಹಾಬರೂ ಪರಮೇಶ್ವರಪ್ಪನವರೂ ಹೀಗೇ ತಿಳಿದಿದ್ದರು. ಹಗ್ಗ ಬಿಚ್ಚಿದರು, ಮುಗಿಯಿತು.

ರಂಜನಾ ಅವಸರ ಮಾಡಲಿಲ್ಲ.

"ಎರಡು ಸಾವಿರದ ಎರಡರಲ್ಲಿ ಜೀಪನ್ನ ಹರಾಜು ಹಾಕಿದ್ರು ಸರ್. ಬಂದ ದುಡ್ಡು ಸಾಲಕ್ಕೆ ಸಾಕಾಗ್ಲಿಲ್ಲ. ಉಳಿದಿದ್ದನ್ನ ಬ್ಯಾಂಕು, ಇದು ಬರೋ ದುಡ್ಡಲ್ಲ ಅಂತ ತನ್ನ ಲೆಕ್ಕದಿಂದ ತೆಗೆದುಹಾಕ್ತು. ತೆಗೆದುಹಾಕೋದು ಬೇರೆ, ಮನ್ನಾ ಮಾಡೋದು ಬೇರೆ. ಬೊಂಬಾಯಲ್ಲಿ ಒಂದು ಆಫೀಸಿದೆ. ದೇಶದ ಬ್ಯಾಂಕಿನವರೆಲ್ಲ ಯಾರು ಕಟ್ಟಿದ್ರು, ಯಾರು ಬಿಟ್ರು ಅಂತ ಅಲ್ಲಿಗೆ ಕಳಿಸ್ತಾರೆ. ಈ ಬಾಕಿ ಅಲ್ಲಿ ಹಾಗೇ ಕೂತಿದೆ. ತಗೊಂಡೋರ ಹೆಸರಿಗೂ, ಜಾಮೀನು ಹಾಕಿದೋರ ಹೆಸರಿಗೂ."

"ಒಂದು ಕಾಗದ ಹಾಕ್ಬಹುದಿತ್ತಲ್ಲ."

"ಹಾಕಿದಾರೆ. ಕಳಸದ ಹತ್ತಿರ ನೀವಿದ್ದ ಎಸ್ಟೇಟಿನ ವಿಳಾಸಕ್ಕೆ."

ಆ ಎಸ್ಟೇಟು ಬಿಟ್ಟು, ನಡುವೆ ಇನ್ನೊಂದರಲ್ಲಿದ್ದು, ಆಮೇಲೆ ಗೋಣಿಬೀಡಿಗೆ ಬಂದದ್ದು. ಕಾಗದಗಳು ಯಾವ ಡಬ್ಬದಲ್ಲಿ ಗೆದ್ದಲು ತಿಂದವೋ.

ಸರ್ವಮಂಗಳಾ ಗಂಡನ ಕಡೆ ನೋಡಲಿಲ್ಲ. ಅವಳಿಗೆ ದುಡ್ಡಿನ ಯೋಚನೆ ಇನ್ನೂ ಬಂದಿರಲಿಲ್ಲ. ತಮ್ಮನ್ನು ಕಂಡರಿಯದ, ತಮ್ಮ ಊರಿನ ಹೆಸರು ನೆಟ್ಟಗೆ ಹೇಳಲೂ ಬಾರದ ಯಾರೋ ಒಬ್ಬರು, ಈ ಮನುಷ್ಯ ಕೊಟ್ಟ ಮಾತಿಗೆ ನಿಲ್ಲುವವನಲ್ಲ ಅಂತ ಬರೆದಿಟ್ಟಿದ್ದಾರೆ. ಆರು ವರ್ಷದಿಂದ ಅದು ಹಾಗೇ ಇದೆ. ಆ ಆರು ವರ್ಷವೂ ಇವರು ಬೆಳಿಗ್ಗೆ ಎದ್ದು ವಿಭೂತಿ ಇಟ್ಟುಕೊಂಡು, ಯಾರ ಹಂಗೂ ಇಲ್ಲ ಅಂತ ನೆಮ್ಮದಿಯಿಂದ ಪೂಜೆ ಮಾಡಿದ್ದಾರೆ.

"ಈಗ ಎಂಥ ಮಾಡ್ಬೇಕು ಮೇಡಂ?" ಅಂತ ಅವಳೇ ಕೇಳಿದಳು.

"ಎರಡು ದಾರಿ ಅಮ್ಮ. ಬಡ್ಡಿ ಸೇರಿ ಎಪ್ಪತ್ತೆಂಟು ಸಾವಿರ ಇದೆ. ಹಳೇದು ಅಂತ ಬ್ಯಾಂಕು ಮೂವತ್ತೈದಕ್ಕೆ ಒಪ್ಪಂದ ಮಾಡ್ಕೊಳ್ಳುತ್ತೆ. ಹಾಗೆ ಮಾಡಿದ್ರೆ ವರದೀಲಿ 'ಒಪ್ಪಂದದಲ್ಲಿ ಮುಗಿದಿದ್ದು' ಅಂತ ಬರುತ್ತೆ. ಪೂರ್ತಿ ಕಟ್ಟಿಲ್ಲ ಅನ್ನೋ ಕಲೆ ಇಬ್ಬರ ಹೆಸರಿಗೂ ವರ್ಷಗಟ್ಟಲೆ ಇರುತ್ತೆ. ಸರ್ ಬರೀ ಜಾಮೀನುದಾರರು, ಅವರ ಮನೆ ಸಾಲಕ್ಕೆ ನಾನು ಮೇಲಿನವರಿಗೆ ಬರೆದು ಒಪ್ಪಿಸಬಹುದು. ಸಾಲ ತಗೊಂಡೋರಿಗೆ ಆ ಕಲೆ ಇರೋ ತನಕ ಬೇರೆ ಸಾಲ ಕಷ್ಟ. ಪೂರ್ತಿ ಕಟ್ಟಿದ್ರೆ ಇಬ್ಬರ ಹೆಸರೂ ಚೊಕ್ಕ ಆಗುತ್ತೆ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಮನಸ್ಸಿನಲ್ಲೇ ಲೆಕ್ಕ ನಡೆದಿತ್ತು. ಮೂವತ್ತೈದು ಹೋದರೆ ಎಂಬತ್ತೈದು ಉಳಿಯುತ್ತದೆ. ಎಸ್ಟೇಟಿನಲ್ಲಿ ಒಂದಿಷ್ಟು ಮುಂಗಡ ಪಡೆದು ಈ ವರ್ಷವೇ ಪಾಯ ತೆಗೆಸಬಹುದು. ಎಪ್ಪತ್ತೆಂಟು ಹೋದರೆ ಪಾಯದ ಕಲ್ಲಿಗೂ ಸಾಲದು; ಪಾಯ ಸ್ವಂತ ದುಡ್ಡಲ್ಲಿ ಎದ್ದ ಮೇಲೇ ಬ್ಯಾಂಕಿನ ಸಾಲ. ಈ ಲೆಕ್ಕ ಸರ್ವಮಂಗಳಾಗೆ ಜಾನಪುರ ದಾಟುವ ಮೊದಲೇ ಮುಗಿದಿತ್ತು. ಕ್ವಾರ್ಟರ್ಸಿನ ಬಾಗಿಲು ತೆಗೆಯುವಾಗ ಪರಮೇಶ್ವರಪ್ಪ ಬಾಯಿಬಿಟ್ಟರು.

"ವಹಾಬ್ ಕಿವಿಗೆ ಈ ಮಾತು ಹೋಗಕೂಡ್ದು."

"ಅವರ ಸಾಲ ಅಲ್ವಾ?"

"ಹೌದು. ಹೋಗಕೂಡ್ದು."

ಯಾಕೆ ಅಂತ ಅವಳು ಕೇಳಲಿಲ್ಲ. ಕೇಳುವಂತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವರಿದ್ದದ್ದು ಹೊರನಾಡಿನ ಕಡೆಯ ಒಂದು ಎಸ್ಟೇಟಿನಲ್ಲಿ. ವಹಾಬ್ ಇನ್ನೊಬ್ಬರ ಜೀಪು ಓಡಿಸುತ್ತಿದ್ದರು; ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬರುವ ಯಾತ್ರಿಕರನ್ನು ಕಳಸದಿಂದ ಹೊರನಾಡಿಗೆ, ಹೊರನಾಡಿನಿಂದ ಕಳಸಕ್ಕೆ. ಹೆಂಡತಿ ರಶೀದಾ, ಮಗ ನಿಯಾಜ್, ಎಸ್ಟೇಟಿನ ಗೇಟಿನ ಪಕ್ಕದ ಮನೆ. ಒಂದು ಆಷಾಢದಲ್ಲಿ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹತ್ತಿ ಹರಿಯುತ್ತಿದ್ದಾಗ ಸರ್ವಮಂಗಳಾಗೆ ನೋವು ಶುರುವಾಯಿತು. ವಹಾಬ್ ಹಳುವಳ್ಳಿಯ ಕಡೆಯಿಂದ ಸುತ್ತು ಹಾಕಿ, ದಾರಿಗೆ ಬಿದ್ದ ಮರವನ್ನು ತಾವೇ ಕಡಿದು ಸರಿಸಿ, ಕೆಸರಲ್ಲಿ ಜೀಪು ನೂಕಿ, ಕಳಸದ ಆಸ್ಪತ್ರೆ ಮುಟ್ಟಿಸಿದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅವಳ ತಲೆ ಇದ್ದದ್ದು ರಶೀದಾಳ ತೊಡೆಯ ಮೇಲೆ. ಅವಳ ಬಾಯಲ್ಲಿ ಅವಳ ಪ್ರಾರ್ಥನೆ, ಇವಳ ಬಾಯಲ್ಲಿ ಶಿವ ಶಿವ. ಯಾರ ಮೊರೆ ಮೊದಲು ಮುಟ್ಟಿತೋ, ಗಾನಶ್ರೀ ಹುಟ್ಟಿದಳು. ಈಗ ಅವಳಿಗೆ ಹನ್ನೆರಡು ವರ್ಷ.

ಬಾಡಿಗೆ ಕೊಡಲು ಹೋದ ಪರಮೇಶ್ವರಪ್ಪನವರಿಗೆ ವಹಾಬ್, "ಲಕ್ಷ್ಮಿ ಬಂದ ದಿನ ಬಾಡಿಗೆ ಇಸ್ಕೊಂಡ್ರೆ ಜೀಪು ಸ್ಟಾರ್ಟ್ ಆಗಲ್ಲ ರೈಟ್ರೇ," ಅಂದಿದ್ದರು. ಎರಡು ವರ್ಷ ಬಿಟ್ಟು ಸ್ವಂತ ಜೀಪಿಗೆ ಸಾಲ ಮಾಡುವಾಗ ಜಾಮೀನಿಗೆ ಸಹಿ ಕೇಳಿದರು. ಮಳೆಗೆ ಕೊಡೆ ಕೊಟ್ಟ ಹಾಗೆ ಇವರು ಸಹಿ ಹಾಕಿ ಬಂದರು.

ಆಮೇಲೆ ಕಾಫಿ ರೇಟು ಬಿತ್ತು. ತೋಟದವರ ಕೈ ಬರಿದಾದಾಗ ಜೀಪು ಕರೆಯುವವರು ಯಾರು? ಕಂತು ನಿಂತವು, ಜೀಪು ಹೋಯಿತು. ವಹಾಬ್ ಯಾರಿಗೂ ಹೇಳದೆ ಸಂಸಾರ ಕಟ್ಟಿಕೊಂಡು ಕಳಸ ಬಿಟ್ಟರು. ಗೇಟಿನ ಪಕ್ಕದ ಮನೆಯಿಂದ ಸಾಮಾನು ಹೊರಬೀಳುವುದು ಕಂಡು, ರಶೀದಾ ಬಂದು ಹೇಳಿ ಹೋಗುತ್ತಾಳೆ ಅಂತ ಸರ್ವಮಂಗಳಾ ಬಾಗಿಲಲ್ಲಿ ಕಾದಿದ್ದಳು. ರಶೀದಾ ಬರಲಿಲ್ಲ. ಹಬ್ಬಕ್ಕೆ ತಪ್ಪದೆ ಹೆಚ್ಚದ ಹಣ್ಣು, ಒಡೆಯದ ಕಾಯಿ ಕಳಿಸುತ್ತಿದ್ದವಳು. ಬೇಯಿಸಿದ್ದು ಕಳಿಸಿದರೆ ಇವರಿಗೆ ಸಂಕೋಚವಾದೀತು ಅಂತ ತಾನೇ ತಿಳಿದು ನಡೆದವಳು. ಅವಳು ಹೇಳದೆ ಹೋದದ್ದು ಸರ್ವಮಂಗಳಾಳ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದಿತ್ತು. ವಹಾಬ್ ಬಣಕಲ್‌ನಲ್ಲಿ ಭಾವಮೈದುನನ ಗ್ಯಾರೇಜಿನಲ್ಲಿದ್ದಾರೆ ಅಂತ ಬಸ್ಸಿನವರಿಂದ ಸುದ್ದಿ ಬಂದಿತ್ತು. ಅಷ್ಟೇನೂ ದೂರವಲ್ಲ. ಹತ್ತಿರದಲ್ಲಿದ್ದೂ ನೋಡದೆ ಇದ್ದರೆ ದೂರ ಇನ್ನೂ ಜಾಸ್ತಿ.

ಒಂದು ವಾರ ತಡೆದಳು. ಆಮೇಲೆ ಮೂಡಿಗೆರೆಗೆ ಬಟ್ಟೆ ತರಲು ಅಂತ ಹೇಳಿ ಹೊರಟವಳು, ಮೂಡಿಗೆರೆಯಲ್ಲಿ ಇಳಿಯಲಿಲ್ಲ. ಕೇಳುವುದಕ್ಕೆ ಹೋಗುತ್ತಿದ್ದೇನಾ, ನೋಡುವುದಕ್ಕೆ ಹೋಗುತ್ತಿದ್ದೇನಾ ಅಂತ ಅವಳಿಗೇ ಗೊತ್ತಿರಲಿಲ್ಲ. ಮೂವತ್ತೈದನ್ನಾದರೂ ವಹಾಬಣ್ಣ ಕೊಟ್ಟರೆ ತಮ್ಮ ದುಡ್ಡು ತಮ್ಮಲ್ಲೇ ಉಳಿಯುತ್ತದೆ, ಗೋಡೆ ಏಳುತ್ತದೆ. ಈ ಮಾತು ಮನಸ್ಸಿನಲ್ಲಿ ಇರಲಿಲ್ಲ ಅಂತ ಹೇಳಿದರೆ ಶಿವ ಮೆಚ್ಚುವುದಿಲ್ಲ.

ಬಣಕಲ್ ರಸ್ತೆ ಬದಿಯಲ್ಲೇ ಗ್ಯಾರೇಜು, ಹಿಂದೆ ಮನೆ. ಲಾರಿಯ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ವಹಾಬಣ್ಣಾ," ಅಂದಳು.

ಕಾಲುಗಳು ಅಲುಗಾಡದೆ ನಿಂತವು. ಲಾರಿಯ ಕೆಳಗಿಂದ ದನಿ ಬಂತು. "ಈ ಬಣಕಲ್ಲಲ್ಲಿ ನನ್ನನ್ನ ಅಣ್ಣ ಅನ್ನೋರು ಯಾರೂ ಇಲ್ಲ. ಎಲ್ಲ ಏಯ್ ಮೇಸ್ತ್ರಿ ಅಂತಾರೆ. ಮಂಗಳಕ್ಕನೇ ಇರ್ಬೇಕು."

ಹೊರಗೆ ಬಂದರು. ಗಡ್ಡ ಪೂರ್ತಿ ನೆರೆತಿತ್ತು. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು. ಕಣ್ಣು ಮಾತ್ರ ಮೇಲೆ ಬರಲಿಲ್ಲ. ಅಷ್ಟರಲ್ಲಿ ರಶೀದಾ ಹೊಲಿಗೆ ಮಿಷಿನ್ನು ಬಿಟ್ಟು ಎದ್ದು ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

"ದಾರಿ ತಪ್ಪಿ ಬಂದ್ರಾ?" ಅಂದಳು.

"ನೀನು ಹೇಳದೆ ಹೋದೆ. ನಾನು ಹೇಳದೆ ಬಂದೆ," ಅಂದಳು ಸರ್ವಮಂಗಳಾ.

ರಶೀದಾ ನಗಲು ಹೋಗಿ ಮುಖ ಆಚೆ ತಿರುಗಿಸಿದಳು. ಒಳಗೆ ಕರೆದು ಚಾಪೆ ಹಾಸಿದಳು, ಬಾಳೆಹಣ್ಣು ತಂದಿಟ್ಟಳು. ಗಾನಶ್ರೀ ಎಷ್ಟನೇ ಕ್ಲಾಸು, ಎಷ್ಟು ಎತ್ತರ, ಜಡೆ ಹಾಕಿಸಿಕೊಳ್ಳುತ್ತಾಳಾ ಇಲ್ಲ ಕತ್ತರಿಸಿದಾಳಾ, ಎಲ್ಲ ವಿಚಾರಿಸಿದಳು. ಯಾಕೆ ಬಂದಿರಿ ಅಂತ ಮಾತ್ರ ಕೇಳಲಿಲ್ಲ.

"ಗೋಣಿಬೀಡಲ್ಲಿ ಸೈಟು ತಗೊಂಡಿದೀವಿ. ಮನೆ ಕಟ್ಬೇಕು ಅಂತ," ಅಂದಳು ಸರ್ವಮಂಗಳಾ, ಬಾಗಿಲಲ್ಲಿ ಕೂತ ವಹಾಬರ ಕಡೆ ನೋಡದೆ.

"ಕಟ್ಟಿ ಮಂಗಳಕ್ಕ," ಅಂದರು ವಹಾಬ್. "ರೈಟ್ರು ಊರವರ ಲೆಕ್ಕ ಬರ್ದು ಬರ್ದು ಸಾಕಾಗಿರ್ಬೇಕು. ಸ್ವಂತ ಜಗಲಿ ಮೇಲೆ ಕೂತು ಬರೀಲಿ. ಸಾಲ ಮಾಡ್ತೀರಾ?"

"ಬ್ಯಾಂಕಲ್ಲಿ ಕೇಳಿದೀವಿ."

"ಬ್ಯಾಂಕು." ವಹಾಬ್ ನಕ್ಕರು. "ನನ್ನ ಕಥೆ ಕೇಳಿ. ನಿಯಾಜ್ ಒಂದು ಆಟೋ ತಗೊಳ್ತೀನಿ ಅಂದ. ಫೈನಾನ್ಸಿನವನ ಹತ್ರ ಹೋದ್ವಿ. ಹುಡ್ಗನಿಗೆ ಸ್ವಂತ ಗಳಿಕೆ ಇಲ್ಲ, ಅಪ್ಪನೂ ಸಹಿ ಹಾಕ್ಲಿ ಅಂದ. ಹಾಕ್ದೆ. ಒಂದು ವಾರ ಬಿಟ್ಟು ಕರೆದು, ನಿಮ್ಮ ಹೆಸರು ಕೆಟ್ಟಿದೆ ಸಾಬ್ರೇ ಅಂದ. ಎಲ್ಲಿ ಕೆಟ್ಟಿದೆ ಮಾರಾಯ ಅಂದ್ರೆ, ಬೊಂಬಾಯಲ್ಲಿ ಅಂತಾನೆ. ನೋಡಿ, ನಾನು ಘಟ್ಟ ಇಳಿದು ಮಂಗಳೂರು ದಾಟಿದವನಲ್ಲ. ನನ್ನ ಹೆಸ್ರು ಒಂದೇ ಬೊಂಬಾಯಿಗೆ ಹೋಗಿ, ಕೆಟ್ಟು, ಕೂತಿದೆ."

"ಅದನ್ನ ನಗ್ತಾ ಹೇಳ್ತಾರೆ," ಅಂದಳು ರಶೀದಾ. "ಆವತ್ತು ಊಟ ಮಾಡ್ಲಿಲ್ಲ. ಹುಡ್ಗ ಈಗ ಕೊಟ್ಟಿಗೆಹಾರದಲ್ಲಿ ಇನ್ನೊಬ್ಬರ ಆಟೋ ಓಡಿಸ್ತಾನೆ. ದಿನಾ ಸಂಜೆ ಗಾಡಿ ತೊಳೆದು ಬೇರೆಯವರ ಮನೆ ಮುಂದೆ ನಿಲ್ಲಿಸಿ, ನಡ್ಕೊಂಡು ಬರ್ತಾನೆ."

ವಹಾಬರ ನಗು ನಿಂತಿತ್ತು. ಏನೋ ಹೊಳೆದವರ ಹಾಗೆ ಮೊದಲ ಬಾರಿಗೆ ಕಣ್ಣೆತ್ತಿ ಅವಳನ್ನು ನೋಡಿದರು.

"ಮಂಗಳಕ್ಕ. ಆ ಸಾಲಕ್ಕೆ ರೈಟ್ರ ಸಹಿ ಇತ್ತು. ಅವರ ಹೆಸರಿಗೆ ಏನೂ ಆಗಿಲ್ಲ ತಾನೆ?"

ಬೇಡಿ ತರಬೇಕಾದ ಗಳಿಗೆ ಕಾಲ ಬುಡಕ್ಕೇ ಬಂದು ನಿಂತಿತ್ತು. ಹೌದು ಅಂದರೆ ಸಾಕು. ಈ ಮನುಷ್ಯ ನಾಳೆಯೇ ಎಲ್ಲಿಂದಾದರೂ ತಂದು ಸುರಿಯುತ್ತಾನೆ, ಯಾವ ಬಡ್ಡಿಗಾದರೂ. ಅದೂ ಅವಳಿಗೆ ಗೊತ್ತಿತ್ತು. ಜಗಲಿ, ಗೋಡೆ, ಗೂಡು, ಎಲ್ಲ ಕಣ್ಣ ಮುಂದೆ ಬಂದು ಒಂದು ಸುತ್ತು ಸುತ್ತಿ ಹೋದವು. ಹೊರಗೆ ಘಟ್ಟದ ಕಡೆಯ ಲಾರಿಯೊಂದು ಏದುಸಿರು ಬಿಡುತ್ತಾ ಹಾದುಹೋಯಿತು.

"ಇಲ್ಲಪ್ಪ," ಅಂದಳು. "ಅವರದ್ದು ಎಂಥದೂ ಇಲ್ಲ."

"ಅಲ್ಲಾ ದೊಡ್ಡವನು," ಅಂದರು ವಹಾಬ್. ಅವರ ಹೆಗಲು ಇಳಿದದ್ದು ಅವಳಿಗೆ ಕಂಡಿತು. "ಅದೊಂದು ಆಗಿದ್ರೆ ನಾನು ಯಾವ ಮುಖ ತೋರಿಸ್ತಿದ್ದೆ."

ರಶೀದಾ ಬಸ್ಸಿನ ತನಕ ಬಂದಳು. ಬಸ್ಸು ಬರುವ ತನಕ ಇಬ್ಬರೂ ಆಲದ ನೆರಳಲ್ಲಿ ಹತ್ತಿರ ನಿಂತಿದ್ದರು. "ಆವತ್ತು ಹೊರಟಾಗ ನಿಮ್ಮ ಕ್ವಾರ್ಟರ್ಸಿನ ಗೇಟಿನ ತನಕ ಬಂದಿದ್ದೆ," ಅಂದಳು ರಶೀದಾ, ರಸ್ತೆಯ ಕಡೆ ನೋಡುತ್ತಾ. "ಬಾಗಿಲಲ್ಲಿ ನಿಂತಿದ್ರಿ. ಎಂಥ ಹೇಳೋದು ಅಂತ ತಿಳೀಲಿಲ್ಲ. ವಾಪಸ್ಸು ಹೋದೆ." ಅಷ್ಟು ಹೇಳುವುದಕ್ಕೆ ಅವಳಿಗೆ ಆರು ವರ್ಷ ಹಿಡಿದಿತ್ತು.

ರಾತ್ರಿಯ ಊಟಕ್ಕೆ ಕೂತಾಗ ಸರ್ವಮಂಗಳಾ ಗಂಡನಿಗೆ ಎಲ್ಲ ಹೇಳಿದಳು. ಪರಮೇಶ್ವರಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು.

"ಬೇಡ ಅಂದಿದ್ದೆ."

"ಕೇಳ್ಲಿಲ್ಲ. ಕೇಳೋಕೆ ಅಂತಲೇ ಹೋಗಿದ್ದೆ ಅಂತ ಕಾಣುತ್ತೆ. ಕೇಳ್ಲಿಲ್ಲ."

ಅವರು ತಟ್ಟೆಯ ಅನ್ನವನ್ನು ಮತ್ತೆ ಕಲಸಿದರು. "ಹಾಗಾದ್ರೆ ಮೂವತ್ತೈದು ಕಟ್ಟಿ ಮುಗಿಸೋಣ. ಮಳೆಗಾಲ ಕಳೆದ ಮೇಲೆ ಪಾಯ ತೆಗೆಸೋಣ."

"ಪೂರ್ತಿ ಕಟ್ಟಿ," ಅಂದಳು.

"ಎಪ್ಪತ್ತೆಂಟಾ? ನಿನಗೆ ತಲೆ ಸರಿ ಇದೆಯಾ? ಆಮೇಲೆ ಮನೆ ಎಲ್ಲಿಂದ ಬರುತ್ತೆ?"

"ಅರ್ಧ ಕಟ್ಟಿದ್ರೆ ನಮ್ಮ ಮನೆ ಏಳುತ್ತೆ, ಅವರ ಹೆಸರು ಬಿದ್ದಲ್ಲೇ ಇರುತ್ತೆ. ಆ ಹುಡ್ಗ ದಿನಾ ಗಾಡಿ ತೊಳೆದು ಬೇರೆಯವರ ಮನೆ ಮುಂದೆ ನಿಲ್ಲಿಸಿ ಬರ್ತಾನಂತೆ ರೀ. ನಾನೂ ಅದನ್ನೇ ಮಾಡಿದೀನಿ ಇಷ್ಟು ವರ್ಷ. ಗುಡಿಸಿ, ಸಾರಿಸಿ, ರಂಗೋಲಿ ಹಾಕಿ, ಬೇರೆಯವರ ಮನೆ ಬಿಟ್ಟುಕೊಟ್ಟು ಬಂದಿದೀನಿ. ಅದು ಹೇಗಿರುತ್ತೆ ಅಂತ ನನಗೆ ಗೊತ್ತು."

ಪರಮೇಶ್ವರಪ್ಪ ಅವಳ ಮುಖ ನೋಡಿದರು. ಆ ಗೋಡೆಯ ಮಾತು ಮದುವೆಯಾದ ವರ್ಷದಿಂದ ಕೇಳಿದವರು ಅವರು.

"ನೀನೇ ಹೇಳ್ತಾ ಇದೀಯ," ಅಂದರು.

"ನಾನೇ."

ಮಾರನೇ ವಾರ ದುಡ್ಡು ಕಟ್ಟಿ ಬಂದರು. ರಂಜನಾ ಎರಡೆರಡು ಸಲ ಕೇಳಿದಳು, ಒಪ್ಪಂದದ ದಾರಿ ಇದೆಯಲ್ಲ ಸರ್ ಅಂತ. ಇರಲಿ ಮೇಡಂ ಅಂದರು ಪರಮೇಶ್ವರಪ್ಪ. ಬಾಕಿ ಇಲ್ಲ ಅನ್ನುವ ಪತ್ರ ಕೊಡುವಾಗ ಅವಳು ಎದ್ದು ನಿಂತು ಕೊಟ್ಟಳು. ವರದಿ ಸರಿಯಾಗಲು ಒಂದೆರಡು ತಿಂಗಳು ಬೇಕು, ನಿಮ್ಮ ಪಾಲಿನ ದುಡ್ಡು ಕೂಡಿದ ದಿನ ಬನ್ನಿ, ನಾನಿದ್ದರೆ ನಾನೇ ಮಾಡಿಕೊಡುತ್ತೇನೆ ಅಂದಳು.

ಮಳೆಗಾಲ ಬಂತು, ಹೋಯಿತು. ಸೈಟಿನಲ್ಲಿ ಆಳೆತ್ತರ ಗಿಡ ಬೆಳೆದು ಗಡಿಕಲ್ಲು ಮುಚ್ಚಿತು. ಸಂಜೆ ಅತ್ತ ಹೋದಾಗೊಮ್ಮೆ ಸರ್ವಮಂಗಳಾ ಗಿಡಗಳ ನಡುವೆ ನಿಂತು, ಇಲ್ಲಿ ಬಾಗಿಲು, ಇಲ್ಲಿ ಒಲೆ, ಅಂತ ಕಣ್ಣಲ್ಲೇ ಗುರುತು ಹಾಕಿ ಬರುತ್ತಿದ್ದಳು. ಗಾನಶ್ರೀ ನಗುತ್ತಿದ್ದಳು, "ಅಮ್ಮ, ಹುತ್ತದ ಮೇಲೆ ನಿಂತಿದೀಯ, ಅದು ಅಡುಗೆಮನೆಯಾ?" ಅಂತ. "ಅದು ನಿನ್ನ ಓದೋ ಕೋಣೆ, ಹಾವು ಪಾಠ ಹೇಳಿಕೊಡುತ್ತೆ," ಅನ್ನುತ್ತಿದ್ದಳು ಇವಳು. ಎಸ್ಟೇಟಿಗೆ ಹೊಸ ಮ್ಯಾನೇಜರ್ ಬಂದು, ಇನ್ನೊಂದು ವರ್ಷಕ್ಕೆ ರೈಟರ ಕೆಲಸ ಕಂಪ್ಯೂಟರಿಗೆ ಹೋಗುತ್ತದೆ, ಕ್ವಾರ್ಟರ್ಸು ಬಿಡಬೇಕಾಗಬಹುದು ಅಂತ ಸೂಚನೆ ಕೊಟ್ಟ. ಆ ದಿನ ಅವಳು ಮೊದಲ ಸಲ ದೇವರ ಮುಂದೆ ಹಿಂಜರಿದಳು. ಬಾಕಿ ಕಟ್ಟಿದ್ದು ತಪ್ಪಾಯಿತಾ ಅಂತ ಅಲ್ಲ. ಹಲಗೆಯ ಮೇಲಿನ ದೇವರಿಗೆ, ನಿನ್ನನ್ನು ಮತ್ತೆ ಟ್ರಂಕಿಗೆ ಹಾಕಬೇಕಾಗುತ್ತೇನೋ ಅಂತ ಹೇಳಲು ಬಾಯಿ ಬರಲಿಲ್ಲ. ದೀಪ ಹಚ್ಚಿ ಸುಮ್ಮನೆ ಕೂತಳು. ಹೇಳದಿದ್ದರೂ ತಿಳಿಯುವವನ ಮುಂದೆ ಕೂತರೆ ಆಯಿತು, ಅಷ್ಟೇ.

ಕೊಯ್ಲಿನ ಕಾಲ. ಒಂದು ಬೆಳಿಗ್ಗೆ ಮೂಡಿಗೆರೆ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಎಸ್ಟೇಟಿನ ಗೇಟಿನಲ್ಲಿ ಕೂಗಿ ಹೇಳಿದ. "ರೈಟರ ಮನೆಯವರು ಮಧ್ಯಾಹ್ನದ ಹಾಸನದ ಗಾಡಿಗೆ ಬಸ್‌ಸ್ಟ್ಯಾಂಡಲ್ಲಿ ನಿಂತಿರ್ಬೇಕಂತೆ. ಬಣಕಲ್ಲಿಂದ ಹೇಳಿದಾರೆ." ಯಾರು, ಎಂಥಕ್ಕೆ ಅಂತ ಕೇಳುವಷ್ಟರಲ್ಲಿ ಬಸ್ಸು ಹೋಗಿತ್ತು.

ಸರ್ವಮಂಗಳಾ ಸೀರೆ ಬದಲಾಯಿಸಿಕೊಂಡು ಹೋಗಿ ನಿಂತಳು. ಹಾಸನದ ಗಾಡಿ ತುಂಬಿ ಬಂತು. ನಡುವಿನ ಕಿಟಕಿಯಲ್ಲಿ ರಶೀದಾ. ಹಾಸನಕ್ಕೆ ಅಕ್ಕನ ಮಗಳ ಹೆರಿಗೆಗೆ ಹೊರಟವಳು. ಇಳಿಯಲು ಪುರಸೊತ್ತಿಲ್ಲ, ಬಸ್ಸು ಇಲ್ಲಿ ನಿಲ್ಲುವುದೇ ಜನ ಹತ್ತಿಸುವಷ್ಟು ಹೊತ್ತು.

"ನಿಯಾಜ್‌ಗೆ ಆಟೋ ಆಯ್ತು ಮಂಗಳಕ್ಕ," ಅಂದಳು, ಕಿಟಕಿಯ ಸರಳಿಗೆ ಮುಖ ಹತ್ತಿರ ತಂದು.

"ಹೌದಾ. ಒಳ್ಳೇದಾಯ್ತು."

"ಈ ಸಲ ಫೈನಾನ್ಸಿನವರು ಕೂರಿಸಿ ಚಾ ಕೊಟ್ರು. ಹಳೇ ಬಾಕಿ ಪೂರ್ತಿ ಕಟ್ಟಿದೀರಲ್ಲ ಸಾಬ್ರೇ, ಈಗ ಹೆಸರು ಚೊಕ್ಕ ಇದೆ ಅಂದ್ರು. ಇವರು, ನಾನೆಲ್ಲಿ ಕಟ್ಟಿದೆ ಅಂದ್ರು. ಆಮೇಲೆ ಬ್ಯಾಂಕಿಗೆ ಹೋಗಿ ಕೇಳಿದ್ರು. ವಾಪಸ್ಸು ಬಂದು ಲಾರಿ ಕೆಳಗೆ ಹೋಗಿ ಮಲಗಿದವರು ಸಂಜೆ ತನಕ ಹೊರಗೆ ಬರ್ಲಿಲ್ಲ. ಕೈಯಲ್ಲಿ ಸ್ಪ್ಯಾನರೂ ಇರ್ಲಿಲ್ಲ."

ಸರ್ವಮಂಗಳಾ ಕಿಟಕಿಯ ಸರಳು ಹಿಡಿದುಕೊಂಡಳು. ಹತ್ತುವವರು ಅವಳನ್ನು ಸರಿಸಿಕೊಂಡು ಹತ್ತುತ್ತಿದ್ದರು.

"ನನ್ನ ಮನೇಲಿ, ನನ್ನ ಚಾಪೆ ಮೇಲೆ ಕೂತು, ಇಲ್ಲ ಅಂತ ಸುಳ್ಳು ಹೇಳಿದ್ರಿ."

"ಹ್ಞೂಂ."

"ಇಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಿ ಅಂತ ಗೊತ್ತಿದ್ರೆ, ಆವತ್ತು ಗೇಟಿನಿಂದ ವಾಪಸ್ಸು ಹೋಗ್ತಿರ್ಲಿಲ್ಲ. ಒಳಗೆ ಬಂದು ಏನಾದ್ರೂ ಒಂದು ಸುಳ್ಳು ಹೇಳಿಸ್ಕೊಂಡು, ಧೈರ್ಯವಾಗಿ ಹೋಗ್ತಿದ್ದೆ."

ಇಬ್ಬರಿಗೂ ನಗು ಬಂತು. ಅಷ್ಟರಲ್ಲಿ ಚೀಲ ಹೊತ್ತ ಮುದುಕನೊಬ್ಬ ನಡುವೆ ಬಂದು, ಅವನು ಹತ್ತುವ ತನಕ ಇಬ್ಬರೂ ಕಾದರು.

"ಅವರೇ ಬರ್ಬೇಕಿತ್ತು," ಅಂದಳು ರಶೀದಾ. "ಬರ್ತಾರೆ, ಸ್ವಲ್ಪ ದಿನ ಬಿಡಿ. ರೈಟ್ರ ಮುಂದೆ ನಿಲ್ಲೋದಕ್ಕೆ ಇನ್ನೂ ಆಗ್ತಾ ಇಲ್ಲ ಅಂತಾರೆ. ಚೀಟಿ ಎತ್ತಿದ್ರು ಮೊನ್ನೆ. ಎಪ್ಪತ್ತೆಂಟಕ್ಕೆ ಕಮ್ಮಿ ಬಿದ್ದಿದ್ದನ್ನ ನಿಯಾಜ್ ಹಾಕಿದಾನೆ. ಬೇಡ ಅನ್ಬೇಡಿ, ಮಂಗಳಕ್ಕ. ನಮಗೂ ಸ್ವಲ್ಪ ಮಲಗಿ ನಿದ್ದೆ ಮಾಡೋ ಹಾಗಾಗ್ಲಿ."

ಕಂಡಕ್ಟರ್ ಸೀಟಿ ಊದಿದ. ರಶೀದಾ ಮಡಿಲಿನಿಂದ ಒಂದು ಬಟ್ಟೆಯ ಗಂಟನ್ನು ಎತ್ತಿ, ಸರಳುಗಳ ನಡುವೆ ತೂರಲು ಅದನ್ನು ಸ್ವಲ್ಪ ಒತ್ತಿ ಚಪ್ಪಟೆ ಮಾಡಿ, ಸರ್ವಮಂಗಳಾಳ ಎರಡೂ ಕೈಗೆ ಇಟ್ಟಳು.